ಹೊಸ ಟೀವಿಗೆ ಕಾಯಬೇಕೋ ಬೇಡವೋ: ನಮ್ಮ ಮನೆಯ ಮೂರು ತಿಂಗಳ ಪಂಚಾಯಿತಿ

ನಮ್ಮ ಮನೆಯ ಟೀವಿ 2016ರಲ್ಲಿ ತಂದದ್ದು. 32 ಇಂಚಿನದು. ಪಡಸಾಲೆಯ ಗೋಡೆಗೆ, ದೇವರ ಮನೆಯ ಬಾಗಿಲ ಪಕ್ಕದಲ್ಲಿ ಹಾಕಿದ್ದೇವೆ. ಒಂಬತ್ತು ವರ್ಷದಲ್ಲಿ ಒಮ್ಮೆ ರಿಮೋಟ್ ಬದಲಾಯಿತು, ಒಮ್ಮೆ ಇಲಿ ಕೇಬಲ್ ಕಡಿಯಿತು. ಅದನ್ನು ಬಿಟ್ಟರೆ ಟೀವಿಗೆ ಏನೂ ಆಗಿಲ್ಲ.

ಕಳೆದ ವರ್ಷ, ಅಂದರೆ 2025ರ ಆಗಸ್ಟ್ ಮೊದಲ ವಾರದಲ್ಲಿ ಆಯಿ ಒಂದು ಮಾತು ಎತ್ತಿದಳು. ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಹಾವೇರಿ ಕಡೆ ಹಾಗೇ ಕರೆಯುತ್ತೇವೆ. ಎಪ್ಪತ್ತು ದಾಟಿದ ಜೀವ. ಸಂಜೆಯ ಧಾರಾವಾಹಿ ನೋಡುತ್ತಾ ಕೂತವಳು, “ಈ ಟೀವಿ ಹಳೇದಾತಲೇ ತಮ್ಮಾ. ಮಂದಿ ಮಾರಿ ಎಲ್ಲಾ ಮಬ್ಬ ಕಾಣಾಕತ್ಯಾವು” ಅಂದಳು.

ನಮಗೆ ಇಷ್ಟೇ ಸಾಕಾಗಿತ್ತು. ಅವ್ವ ಎತ್ತಿದ್ದ ಚೀಟಿಯ ದುಡ್ಡು 40,000 ರೂಪಾಯಿ ಮನೆಯಲ್ಲಿತ್ತು. ಹೊಸ ಟೀವಿ ಬೇಕು ಅನ್ನುವ ಆಸೆ ನಮಗೆ ಮೊದಲೇ ಇತ್ತು, ಈಗ ಆಯಿಯ ಹೆಸರೂ ಸಿಕ್ಕಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಪಂಚಾಯಿತಿ ಶುರುವಾಯಿತು. ಈಗಲೇ 4ಕೆ ಟೀವಿ ತರುವುದೋ, ಇನ್ನೊಂದಿಷ್ಟು ದಿನ ಕಾಯುವುದೋ?

ಮನೆಯಲ್ಲಿ ಎರಡು ಪಕ್ಷವಾದವು. ತಮ್ಮನದು ‘ಈಗಲೇ ತರೋಣ’ ಪಕ್ಷ. ಅಣ್ಣನದು ‘ಕಾಯೋಣ’ ಪಕ್ಷ. ನಾವು ಉಳಿದವರು ಊಟದ ಹೊತ್ತಿಗೆ ಒಂದು ಕಡೆ, ಮಲಗುವ ಹೊತ್ತಿಗೆ ಇನ್ನೊಂದು ಕಡೆ.

ಅಣ್ಣನ ವಾದ ಸರಳವಾಗಿತ್ತು. ಟೀವಿ ಬಂಗಾರವಲ್ಲ. ಬಂಗಾರ ಕಾದಷ್ಟೂ ತುಟ್ಟಿ, ಟೀವಿ ಕಾದಷ್ಟೂ ಅಗ್ಗ. 2012ರ ಸುಮಾರಿಗೆ 84 ಇಂಚಿನ 4ಕೆ ಟೀವಿ ಭಾರತಕ್ಕೆ ಬಂದಾಗ ಅದರ ಬೆಲೆ ಹತ್ತು ಲಕ್ಷ ಮೀರಿತ್ತು. ಇವತ್ತು 43 ಇಂಚಿನ 4ಕೆ ಟೀವಿ ಮೂವತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಮೊದಲು ಕೊಂಡವರು ಹೊಸತನಕ್ಕೆ ದುಡ್ಡು ಕೊಟ್ಟರು, ಆಮೇಲೆ ಕೊಂಡವರು ಟೀವಿಗೆ ಮಾತ್ರ ಕೊಟ್ಟರು ಅನ್ನುತ್ತಿದ್ದ.

ಇನ್ನೊಂದು ಉದಾಹರಣೆಯನ್ನೂ ಅವನು ಕೊಟ್ಟ. 2010ರ ಹೊತ್ತಿಗೆ 3ಡಿ ಟೀವಿ ಬಂದಿದ್ದು ನಿಮಗೂ ನೆನಪಿರಬಹುದು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೇ ಸಿನಿಮಾ ನೋಡುವುದು. ಮುಂದಿನ ಕಾಲವೆಲ್ಲ ಇದರದ್ದೇ ಅಂದರು. 2017ರ ಹೊತ್ತಿಗೆ ದೊಡ್ಡ ಕಂಪನಿಗಳೇ ಅದನ್ನು ಮಾಡುವುದು ಬಿಟ್ಟವು. ದುಡ್ಡು ಸುರಿದವರ ಕೈಯಲ್ಲಿ ಕನ್ನಡಕ ಉಳಿಯಿತು.

ಅಣ್ಣನ ಅದೃಷ್ಟಕ್ಕೆ ಅದೇ ಹೊತ್ತಿಗೆ ಜಿಎಸ್‌ಟಿ ಇಳಿಯುವ ಸುದ್ದಿ ಬಂತು. 32 ಇಂಚಿಗಿಂತ ದೊಡ್ಡ ಟೀವಿಗೆ ಅಲ್ಲಿಯ ತನಕ ಶೇಕಡಾ 28 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18 ಆಯಿತು. ತೆರಿಗೆ ಬಿಟ್ಟು 25,000 ರೂಪಾಯಿಯ ಟೀವಿ ಅಂದುಕೊಳ್ಳಿ. ಮೊದಲು 32,000 ಬೀಳುತ್ತಿತ್ತು, ಈಗ 29,500. ಒಂದೂವರೆ ತಿಂಗಳು ಸುಮ್ಮನೆ ಕೂತಿದ್ದಕ್ಕೆ 2,500 ಉಳಿಯಿತು. ಅಣ್ಣ ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದ.

ಅಪ್ಪ ಮಾತ್ರ ಒಪ್ಪಲಿಲ್ಲ. ಅಪ್ಪ ತನ್ನ ಹುಡುಗುತನದ ಕತೆ ತೆಗೆದ. ದೂರದರ್ಶನದಲ್ಲಿ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. 1987ರಲ್ಲಿ ರಾಮಾಯಣ ಶುರುವಾದಾಗ ನಮ್ಮ ಅಜ್ಜನ ಕೈಯಲ್ಲಿ ಕಪ್ಪು-ಬಿಳುಪು ಟೀವಿ ಕೊಳ್ಳುವಷ್ಟು ದುಡ್ಡಿತ್ತಂತೆ. ಯಾರೋ, “ಇನ್ನೆರಡು ವರ್ಷ ತಡೀರಿ, ಬಣ್ಣದ್ದ ಸೋವಿ ಆಗತೈತಿ” ಅಂದರು. ಅಜ್ಜ ತಡೆದ. ಭಾನುವಾರ ಬೆಳಿಗ್ಗೆ ಅಪ್ಪ, ಕಾಕಾ ಎಲ್ಲರೂ ಬೇರೆಯವರ ಮನೆಯ ಕಿಟಕಿಗೆ ಜೋತುಬಿದ್ದು ರಾಮಾಯಣ ನೋಡಿದರು. ಆಯಿಗೆ ಕಿಟಕಿಗೆ ನಿಲ್ಲುವುದು ಸರಿ ಅನ್ನಿಸಲಿಲ್ಲ, ಅವಳು ಹೋಗಲೇ ಇಲ್ಲ. 1988ರ ಜುಲೈಗೆ ರಾಮಾಯಣ ಮುಗಿಯಿತು. ನಮ್ಮ ಮನೆಗೆ ಬಣ್ಣದ ಟೀವಿ ಬಂದದ್ದು 1996ರಲ್ಲಿ.

“ಕಾದಿದ್ದಕ್ಕ ರೊಕ್ಕ ಉಳೀತು, ರಾಮಾಯಣ ಹೋತು” ಅಂದ ಅಪ್ಪ.

ಆ ಮಾತಿಗೆ ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ಕಾಯುವುದಕ್ಕೂ ಒಂದು ಬೆಲೆ ಇದೆ, ಅದು ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ.

ಆದ್ದರಿಂದ ನಾವು ಬೇರೆ ಪ್ರಶ್ನೆ ಕೇಳಿಕೊಂಡೆವು. ಈ 4ಕೆ ನಮ್ಮ ಪಡಸಾಲೆಗೆ ಬಂದರೆ ನಿಜವಾಗಿ ಏನು ಬದಲಾಗುತ್ತದೆ? ನಮಗೆ ತಿಳಿದದ್ದನ್ನು ನಿಮಗೂ ಹೇಳುತ್ತೇವೆ. ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ.

ಟೀವಿಯ ಚಿತ್ರ ಚುಕ್ಕಿ ರಂಗೋಲಿ ಇದ್ದಂತೆ. ಚುಕ್ಕಿ ಹೆಚ್ಚಾದಷ್ಟೂ ಚಿತ್ರ ನಯ. ನಮ್ಮ 32 ಇಂಚಿನ ಹಳೆಯ ಟೀವಿಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು ಸುಮಾರು 10 ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಅಂದರೆ ಸುಮಾರು 20 ಲಕ್ಷ. 4ಕೆ ಅಂದರೆ ಸುಮಾರು 83 ಲಕ್ಷ. 8ಕೆ ಅಂದರೆ 3 ಕೋಟಿ 30 ಲಕ್ಷದ ಮೇಲೆ. ಲೆಕ್ಕ ಕೇಳಿದರೆ ಬಾಯಿ ಬಿಡಬೇಕು.

ಆದರೆ ಚುಕ್ಕಿ ಎಣಿಸುವುದು ಕಣ್ಣು, ಕಂಪನಿಯಲ್ಲ. ಹೊಲದ ಬದುವಿನಲ್ಲಿ ನಿಂತು ಕಣದ ರಾಶಿ ನೋಡಿದರೆ ಕಾಳು ಬೇರೆ ಬೇರೆ ಕಾಣುತ್ತವೆಯೇ? ಇಲ್ಲ, ರಾಶಿ ಕಾಣುತ್ತದೆ. ಕಣ್ಣಿಗೂ ಹಾಗೇ ಒಂದು ಮಿತಿ ಇದೆ. ದೃಷ್ಟಿ ಚೆನ್ನಾಗಿರುವ ಸಾಮಾನ್ಯ ಮನುಷ್ಯ 43 ಇಂಚಿನ ಫುಲ್ ಎಚ್‌ಡಿ ಟೀವಿಯ ಮುಂದೆ ಐದೂವರೆ ಅಡಿಗಿಂತ ದೂರ ಕೂತರೆ ಅವನಿಗೆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಲ್ಲಿಂದ ಹಿಂದಕ್ಕೆ ಕೂತವನಿಗೆ ಅದೇ ಅಳತೆಯ 4ಕೆ ಟೀವಿ ತೋರಿಸಿದರೂ ನಯದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಕಣ್ಣು ಬಹಳ ಚುರುಕಿದ್ದವರಿಗೆ ಇನ್ನೊಂದೆರಡು ಅಡಿ ಸೇರಿಸಿಕೊಳ್ಳಿ.

ನಾವು ಟೇಪು ಹಿಡಿದು ಅಳೆದೆವು. ಗೋಡೆಯಿಂದ ನಾವು ಕೂರುವ ಮಂಚಕ್ಕೆ ಹತ್ತು ಅಡಿ. ಹತ್ತು ಅಡಿಯಲ್ಲಿ ಕೂತವನಿಗೆ ಫುಲ್ ಎಚ್‌ಡಿಗಿಂತ 4ಕೆ ನಯ ಅನ್ನಿಸಬೇಕಾದರೆ ಪರದೆ ಸುಮಾರು 75 ಇಂಚಿಗಿಂತ ದೊಡ್ಡದಿರಬೇಕು. ಅಷ್ಟು ದೊಡ್ಡದು ಹಾಕಿದರೆ ದೇವರ ಮನೆಯ ಬಾಗಿಲು ಮುಚ್ಚಬೇಕಾಗುತ್ತದೆ.

ನಿಮ್ಮ ಕೈಯಲ್ಲಿರುವ ಫೋನಿಗೂ ಇದೇ ಲೆಕ್ಕ. ಆರೂವರೆ ಇಂಚಿನ, 720ಕ್ಕೆ 1600 ಚುಕ್ಕಿಯ ಸಾದಾ ಫೋನನ್ನು ಒಂದು ಅಡಿಗಿಂತ ಸ್ವಲ್ಪ ದೂರ ಹಿಡಿದರೆ ಸಾಕು, ಚುಕ್ಕಿಗಳು ಕಣ್ಣಿಗೆ ಬೇರೆಯಾಗಿ ಸಿಗುವುದಿಲ್ಲ. ಅದಕ್ಕಿಂತ ದುಬಾರಿ ಪರದೆಯಲ್ಲಿ ಬಣ್ಣ ಚೆನ್ನಾಗಿರಬಹುದು, ಬಿಸಿಲಿನಲ್ಲಿ ಚೆನ್ನಾಗಿ ಕಾಣಬಹುದು. ಅದಕ್ಕೆ ದುಡ್ಡು ಕೊಡಿ. ಬರೀ ಚುಕ್ಕಿಯ ಲೆಕ್ಕಕ್ಕೆ ಕೊಡಬೇಡಿ.

ಎರಡನೆಯದು, ಟೀವಿಯೊಳಗೆ ಏನು ಬರುತ್ತದೆ ಅನ್ನುವುದು. ಡಬ್ಬಿ ಎಷ್ಟು ದೊಡ್ಡದಿದ್ದರೂ ಹಾಕಿದಷ್ಟೇ ಕಾಳು. ನಾವು ನೋಡುವ ಕನ್ನಡ ವಾಹಿನಿಗಳು ಸಾದಾ ಎಸ್‌ಡಿ ರೂಪದಲ್ಲಿ ಬರುತ್ತವೆ, ಹೆಚ್ಚು ದುಡ್ಡು ಕಟ್ಟಿದರೆ ಕೆಲವು ಎಚ್‌ಡಿಯಲ್ಲಿ ಸಿಗುತ್ತವೆ. ಎಸ್‌ಡಿ ಚಿತ್ರದಲ್ಲಿ ಇರುವುದೇ ನಾಲ್ಕು ಲಕ್ಷದಷ್ಟು ಚುಕ್ಕಿ. ಅದನ್ನು 83 ಲಕ್ಷ ಚುಕ್ಕಿಯ ದೊಡ್ಡ ಪರದೆಗೆ ಎಳೆದು ಹಾಸಿದರೆ ಹಳೆ ಸಣ್ಣ ಟೀವಿಯಲ್ಲಿ ಕಾಣದ ಒರಟೆಲ್ಲ ಎದ್ದು ಕಾಣುತ್ತದೆ.

ಇಂಟರ್ನೆಟ್ಟಿನಲ್ಲಿ 4ಕೆ ಸಿನಿಮಾಗಳು ನಿಜವಾಗಿಯೂ ಇವೆ. ಆದರೆ 4ಕೆಯಲ್ಲಿ ಒಂದು ತಾಸು ಸಿನಿಮಾ ನೋಡಿದರೆ 7 ಜಿಬಿ ತನಕ ಡೇಟಾ ಖರ್ಚಾಗುತ್ತದೆ. ದಿನಕ್ಕೆ 2 ಜಿಬಿಯ ರೀಚಾರ್ಜು ಇಪ್ಪತ್ತು ನಿಮಿಷವೂ ಬಾರದು. ಮನೆಗೆ ಫೈಬರ್ ಬಂದಿದ್ದರೆ, ಅದು ಸಂಜೆ ಹೊತ್ತಲ್ಲೂ 15 ಎಂಬಿಪಿಎಸ್‌ಗಿಂತ ಕೆಳಗೆ ಇಳಿಯದಿದ್ದರೆ ಮಾತು ಬೇರೆ. ನಮ್ಮ ಊರಲ್ಲಿ ಫೈಬರ್ ಪಂಚಾಯಿತಿ ಕಟ್ಟಡದ ತನಕ ಬಂದಿದೆ, ನಮ್ಮ ಓಣಿಗೆ ಬಂದಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಮ್ಮ ರಾಜ್ಯದಲ್ಲಿ ಟೀವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈ ತನಕ ಅಮೆರಿಕದ ಉಪಗ್ರಹ ಬಳಸಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. ಸೈಟ್ ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದು ನಡೆದದ್ದು ಕಲಬುರ್ಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳಲ್ಲಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಆ ಹಳ್ಳಿಗಳಿಗೆ ಪರದೆಯ ಜೊತೆಗೇ ಅವರಿಗಾಗಿ ಮಾಡಿದ ಒಕ್ಕಲುತನದ, ಆರೋಗ್ಯದ, ಶಾಲೆ ಮಕ್ಕಳ ಕಾರ್ಯಕ್ರಮಗಳೂ ಬಂದವು. ಈಗ ಪರದೆ ಮೊದಲು ಬಂದಿದೆ, ನಮ್ಮ ಭಾಷೆಯಲ್ಲಿ ಅದಕ್ಕೆ ತಕ್ಕ ಚಿತ್ರ ಇನ್ನೂ ಬರಬೇಕು. ಇಂಥ ಹೊತ್ತಲ್ಲಿ ಕಾದರೆ ನಷ್ಟ ಕಡಿಮೆ.

ಮೂರನೆಯದು ಕರೆಂಟು. ನಮ್ಮಲ್ಲಿ ವೋಲ್ಟೇಜ್ ಏರಿಳಿತ ನಿಮಗೆ ಹೇಳಬೇಕಾಗಿಲ್ಲ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನಲ್ಲಿ ಎಷ್ಟು ಮನೆಯ ಟೀವಿ ಹೋಗುತ್ತವೆ ಎನ್ನುವುದೂ ಗೊತ್ತು. ಹಳೆ ದಪ್ಪ ಟೀವಿ ಕೆಟ್ಟರೆ ರಿಪೇರಿಯವನು ಬಿಚ್ಚಿ ಏನೋ ಬೆಸುಗೆ ಹಾಕಿ ಕೊಡುತ್ತಿದ್ದ. ಈಗಿನ ಟೀವಿಯ ಪ್ಯಾನೆಲ್ ಹೋಯಿತೆಂದರೆ ಹೊಸ ಟೀವಿಯ ಹತ್ತಿರ ಹತ್ತಿರ ಖರ್ಚು. ಹಾಗಾಗಿ ಟೀವಿಗೆ ಇಟ್ಟ ದುಡ್ಡಿನಲ್ಲಿ ಸ್ಟೆಬಿಲೈಸರಿಗೂ ಸ್ವಲ್ಪ ತೆಗೆದಿಡಿ. ಮಿಂಚು ಶುರುವಾದರೆ ಕರೆಂಟಿನ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಎರಡನ್ನೂ ತೆಗೆಯಿರಿ.

ಇಷ್ಟೆಲ್ಲ ತಿಳಿದ ಮೇಲೂ ತಮ್ಮ ಬಿಡಲಿಲ್ಲ. “ನಮಗ ವ್ಯತ್ಯಾಸ ಕಾಣದಿದ್ರ ಬಿಡು. ಆಯಿಗೆ ಮಬ್ಬ ಕಾಣತೈತಲ್ಲ, ಆಕಿಗೆ ಬೇಕಲ್ಲ” ಅಂದ. ಅದು ಸರಿ ಅನ್ನಿಸಿತು. ದೀಪಾವಳಿಗೆ ಮೊದಲಿನ ವಾರ ಎಲ್ಲರೂ ಸೇರಿ ಆಯಿಯನ್ನೂ ಕರೆದುಕೊಂಡು ಪೇಟೆಯ ಅಂಗಡಿಗೆ ಹೋದೆವು.

ಅಂಗಡಿಯ ಹುಡುಗ ಬಲು ವಿನಯವಂತ. “ಸರ, ಈಗ ಫುಲ್ ಎಚ್‌ಡಿ ಯಾರೂ ಒಯ್ಯೂದಿಲ್ರಿ. ಎಲ್ಲಾ 4ಕೆನ” ಅಂದ. 55 ಇಂಚಿನ ಟೀವಿ ಹಚ್ಚಿದ. ಅದರಲ್ಲಿ ಹೂವಿನ ಮೇಲೆ ಜೇನುಹುಳ. ಹುಳದ ಮೈಮೇಲಿನ ಕೂದಲು ಎಣಿಸಬಹುದಿತ್ತು. ನಾವೆಲ್ಲ ಬಾಯಿ ಬಿಟ್ಟು ನೋಡಿದೆವು. ಅಂಗಡಿಯಲ್ಲಿ ಹಾಕುವುದು ಇದಕ್ಕಾಗಿಯೇ ತೆಗೆದ ಚಿತ್ರ, ಬಣ್ಣ ಬೆಳಕನ್ನೂ ಪೂರ್ತಿ ಏರಿಸಿರುತ್ತಾರೆ. ನೀವು ಹೋದಾಗ, ನಿಮ್ಮ ಮನೆಯಲ್ಲಿ ನೋಡುವ ವಾಹಿನಿಯನ್ನೇ ಹಾಕಿ ತೋರಿಸಿ ಅಂತ ಕೇಳಿ. ನಿಜ ಅಲ್ಲೇ ಗೊತ್ತಾಗುತ್ತದೆ.

ಆಯಿಗೆ ಕುರ್ಚಿ ಹಾಕಿ ಕೂರಿಸಿದ್ದರು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, “ಇದೂ ಹಂಗ ಐತೆಲ್ಲೋ. ಇದೂ ಮಬ್ಬ.”

ಹುಡುಗ ಬೆಳಕು ಹೆಚ್ಚು ಮಾಡಿದ. “ಈಗ ಕಣ್ಣಿಗೆ ಚುಚ್ಚತೈತಿ” ಅಂದಳು. ಇನ್ನೂ ದುಬಾರಿಯದು ತೋರಿಸಿದ. ಅದೂ ಮಬ್ಬು. ಆಗ ಅವ್ವ ಸೆರಗಿನಿಂದ ಆಯಿಯ ಒಂದು ಕಣ್ಣು ಮುಚ್ಚಿ, “ಅತ್ತಿ, ಈಗ ನೋಡ್ರಿ” ಅಂದಳು. ಎಡಗಣ್ಣಿಗೆ ಹೂವು ಇದೆ ಅಂತ ಗೊತ್ತಾಗುತ್ತಿತ್ತು. ಬಲಗಣ್ಣಿಗೆ ಬರೀ ಬೆಳಕು.

ಅಂಗಡಿಯಲ್ಲಿ ನಾವು ಯಾರೂ ಮಾತಾಡಲಿಲ್ಲ. ಟೀವಿ ತರದೆ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಒಂದೊಂದೇ ನೆನಪಾಗತೊಡಗಿತು. ವರ್ಷದಿಂದ ಆಯಿ ಮಂಚ ಬಿಟ್ಟು ಟೀವಿಯ ಮುಂದೆ ನಾಲ್ಕು ಅಡಿಯಲ್ಲಿ ನೆಲದ ಮೇಲೆ ಕೂರುತ್ತಿದ್ದಳು. ಸೆಕೆಗೆ ನೆಲ ತಂಪು ಅಂತ ಕೂರುತ್ತಾಳೆ ಅಂದುಕೊಂಡಿದ್ದೆವು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕಣ್ಣಿಗಿಂತ ಬೆರಳು ಹೆಚ್ಚು ಓಡುತ್ತಿತ್ತು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿದ್ದಳು. ಎದುರಿಗೆ ಬರುವ ಗಾಡಿಯ ದೀಪ ಹೂವಿನ ಹಾಗೆ ಅರಳುತ್ತದೆ ಅನ್ನುತ್ತಿದ್ದಳು. ಶ್ರಾವಣದಲ್ಲಿ ದನದ ಕೊಟ್ಟಿಗೆಯ ಮೆಟ್ಟಿಲು ತಪ್ಪಿ ಬಿದ್ದಿದ್ದಳು. ವಯಸ್ಸು ಅಂದೆವು. ನಾವು ಪತ್ರಿಕೋದ್ಯಮ ಓದಿದವರು, ಊರಿನ ಮಂದಿಯನ್ನೆಲ್ಲ ಪ್ರಶ್ನೆ ಕೇಳುತ್ತೇವೆ. ಮನೆಯಲ್ಲಿ ಅವಳನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಹಬ್ಬ ಮುಗಿದ ಮೇಲೆ ಓಣಿಯ ಆಶಾ ಕಾರ್ಯಕರ್ತೆ ಜೊತೆಗೆ ಬಂದು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಬಹಳ ಬಲಿತಿದೆ ಅಂದರು. ವಿಚಾರಿಸಿದರೆ, ಎರಡು ವರ್ಷದ ಹಿಂದೆ ಊರಿಗೆ ಬಂದ ಶಿಬಿರದಲ್ಲೇ ಆಯಿಗೆ ಈ ಮಾತು ಹೇಳಿದ್ದರಂತೆ. ಅವಳು ಮನೆಯಲ್ಲಿ ಹೇಳಿರಲಿಲ್ಲ.

“ಮತ್ತ ಯಾಕ ಕಾದ್ರಿ ಅಜ್ಜಿ?” ಅಂದರು ಡಾಕ್ಟರು.

“ಬಲೀಲಿ ಅಂತ ಬಿಟ್ಟಿದ್ದೆ. ಕಾಯಿ ಇದ್ದಾಗ ತಗೀಬಾರದು ಅಂತಾರಲ್ರಿ.”

ಈ ಮಾತನ್ನು ನೀವೂ ಕೇಳಿರುತ್ತೀರಿ. ಅದು ಪೂರ್ತಿ ಸುಳ್ಳಲ್ಲ, ಹಳತಾದ ಮಾತು. ಹಿಂದೆ ಕಣ್ಣನ್ನು ದೊಡ್ಡದಾಗಿ ಕೊಯ್ದು ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಪೊರೆ ಬಲಿತಿದ್ದರೆ ಅದು ಸುಲಭವಾಗಿ ಬರುತ್ತಿತ್ತು. ಆಮೇಲೆ ಸೋಡಾಗ್ಲಾಸಿನಂಥ ದಪ್ಪ ಕನ್ನಡಕ. ಈಗ ಹಾಗಿಲ್ಲ. ಸಣ್ಣ ಗಾಯ ಮಾಡಿ ಮಂಜಾದ ಮಸೂರ ತೆಗೆದು ಅಲ್ಲೇ ಕೃತಕ ಮಸೂರ ಕೂರಿಸುತ್ತಾರೆ. ಬಲಿಯುವ ತನಕ ಕಾಯಬೇಕಾಗಿಲ್ಲ. ಕಾದರೆ ಪೊರೆ ಗಟ್ಟಿಯಾಗಿ ತೆಗೆಯುವುದೇ ಕಷ್ಟವಾಗುತ್ತದೆ. ಅತಿಯಾಗಿ ಬಿಟ್ಟರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ, ನೋವು ಬಂದು, ದೃಷ್ಟಿಯೇ ಹೋಗುವ ಅಪಾಯವಿದೆ. ದಿನದ ಕೆಲಸಕ್ಕೆ ತೊಡಕಾಗುತ್ತಿದೆ ಅನ್ನಿಸಿದರೆ ಅದೇ ತೋರಿಸುವ ಹೊತ್ತು.

ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದಲೇ ನಡೆಯುತ್ತಿದೆ. ಅದರಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ನು ಪುಕ್ಕಟೆ. ಮೊದಲು ಬಿಪಿ, ಸಕ್ಕರೆ ನೋಡಿದರು. ನವೆಂಬರ್‌ನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಅರ್ಧ ತಾಸಿನ ಕೆಲಸ, ಮರುದಿನ ಮನೆಗೆ. ಸುಮಾರು ಒಂದೂವರೆ ತಿಂಗಳು ಕಣ್ಣಿಗೆ ಹನಿ ಔಷಧ, ಕಣ್ಣಿಗೆ ನೀರು ತಾಗದಂತೆ ಎಚ್ಚರ. ಹನಿ ಹಾಕುವ ಪಾಳಿ ನಾವು ಹಂಚಿಕೊಂಡೆವು. ಓಡಾಟ, ಊಟ, ಕಪ್ಪು ಕನ್ನಡಕ ಎಲ್ಲ ಸೇರಿ ಚೀಟಿಯ ದುಡ್ಡಿನಲ್ಲಿ ಖರ್ಚಾದದ್ದು ಎರಡು ಸಾವಿರದೊಳಗೆ.

ಬಟ್ಟೆ ಬಿಚ್ಚಿ ಮನೆಗೆ ಬಂದ ದಿನ ಆಯಿ ಮೊದಲು ನೋಡಿದ್ದು ಟೀವಿಯನ್ನಲ್ಲ. ಅಡುಗೆಮನೆಯ ಗೋಡೆಯ ಮಸಿ ನೋಡಿ ಅವ್ವನನ್ನು ಬೈದಳು. ಜಂತಿಯ ಜೇಡರ ಬಲೆ ನೋಡಿ ನಮ್ಮನ್ನು ಬೈದಳು. ಅಪ್ಪನ ಮುಖ ನೋಡಿ, “ಎಷ್ಟ್ ಮುದುಕ ಆಗೀಯಲ್ಲೋ” ಅಂದಳು. ಅಪ್ಪ ನಗುತ್ತಾ ಹೊರಗೆ ಹೋದ, ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ. ಸಂಜೆ ಟೀವಿ ಹಚ್ಚಿದಾಗ ಆಯಿ ಮಂಚದ ಮೇಲೆ ಕೂತೇ ನೋಡಿದಳು. “ಟೀವಿ ಛಲೋನ ಐತಲ್ಲೋ. ಧೂಳ ಒರೆಸಬೇಕು ಅಷ್ಟ.”

ಹೊಸ ಟೀವಿ ಇನ್ನೂ ತಂದಿಲ್ಲ. ನಮ್ಮ ಪಂಚಾಯಿತಿಯ ತೀರ್ಪು ಹೀಗಿದೆ. ಹಳೆಯದು ನಡೆಯುತ್ತಿರುವ ತನಕ ಕಾಯುವುದು. ಅದು ಕೆಟ್ಟ ದಿನ ಮತ್ತೆ ಕಾಯದೆ, ಆ ಹೊತ್ತಿಗೆ ನಮ್ಮ ದುಡ್ಡಿಗೆ ಸಿಗುವ 43 ಇಂಚಿನದನ್ನು ತರುವುದು. 4ಕೆ ಆದರೆ ಆಗಲಿ, ಅದಕ್ಕಾಗಿ ಹೆಚ್ಚು ಕೊಡುವುದಿಲ್ಲ. 8ಕೆಯ ಕಡೆ ನೋಡುವುದೇ ಇಲ್ಲ. ತಮ್ಮ ಇದಕ್ಕೆ ಅರೆಮನಸ್ಸಿನಿಂದ ಒಪ್ಪಿದ್ದಾನೆ.

ಕಾಯಬೇಕೋ ಬೇಡವೋ ಅಂತ ನಿಮ್ಮ ಮನೆಯಲ್ಲೂ ಮಾತು ನಡೆದಿರಬಹುದು. ಕಾದರೆ ಬೆಲೆ ಇಳಿಯುವ, ಸರಕು ಸುಧಾರಿಸುವ, ಅಲ್ಲಿಯ ತನಕ ಹಳೆಯದರಲ್ಲಿ ಕೆಲಸ ನಡೆಯುವ ವಸ್ತುವಾದರೆ ಧೈರ್ಯವಾಗಿ ಕಾಯಿರಿ. ಕಾದಷ್ಟೂ ಯಾರಿಗೋ ತೊಂದರೆ ಹೆಚ್ಚುವುದಾದರೆ ಇವತ್ತೇ ಎದ್ದು ಹೊರಡಿ. ನಾವು ಈ ಎರಡನ್ನೂ ಅದಲು ಬದಲು ಮಾಡಿಕೊಂಡು ಮೂರು ತಿಂಗಳು ಕಳೆದೆವು.

ಮನೆಯಲ್ಲಿ ಹಿರಿಯರು ಟೀವಿ ಮಬ್ಬಾಗಿದೆ ಅಂದರೆ ಅಂಗಡಿಗೆ ಹೋಗುವ ಮೊದಲು ಅವರ ಒಂದೊಂದೇ ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ. ಆಯಿಯ ಎಡಗಣ್ಣಿನ ಆಪರೇಷನ್ನು ಬರುವ ತಿಂಗಳಿದೆ.